ಈರವ್ವನವರ ಕೊನೆಯ ನಾಲ್ಕು ಸಾಲು

ಡೊಂಬಿವಲಿ ಪೂರ್ವ
೧೮ ಜುಲೈ ೨೦೧೧

ಠಾಕುರ್ಲಿಯ ಈರವ್ವ ಅಕ್ಕನವರಿಗೆ ದಿಶಾ ಮಾಡುವ ನಮಸ್ಕಾರ.

ಪತ್ರಿಕೆಯ ಕವಿತಾ ಪುಟ ನೋಡಿಕೊಳ್ಳುವವಳು ನಾನೇ. ಹೋದ ವಾರ ನಿಮಗೆ ಕಾರ್ಡು ಬರೆದು, ಜಾಗ ಸಾಲದೆ ನಿಮ್ಮ ಕವಿತೆಯ ಕೊನೆಯ ನಾಲ್ಕು ಸಾಲು ಬಿಟ್ಟುಹೋದವು ಎಂದಿದ್ದೆ. ಅದು ಸುಳ್ಳು.

ಸಂಪಾದಕರಾದ ಕಮಲಾಕ್ಷಣ್ಣನಿಗೂ ಅದನ್ನೇ ಹೇಳಿದ್ದೆ. ಅವರು ಪುಟ ತೆರೆದು, "ಜಾಗ ಇಲ್ಲ ಅಂತೀಯಲ್ಲ ಮಾರಾಯ್ತಿ, ಮತ್ತೆ ಈ ದಾಸವಾಳ ಎಲ್ಲಿಂದ ಬಂತು?" ಎಂದರು. ಸಾಲು ತೆಗೆದು ಖಾಲಿ ಉಳಿದ ಕಡೆ ನಾನೇ ಹೂವಿನ ಚಿತ್ರ ಹಾಕಿಸಿದ್ದೆ.

ನೀವು ಫೋನಿನಲ್ಲಿ ಹೇಳಿದ್ದನ್ನು ಅವರು ನನಗೆ ಹಾಗೇ ಒಪ್ಪಿಸಿದರು. ಪತ್ರಿಕೆಯಲ್ಲಿ ಕವಿತೆ ಓದಿದವರು ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನಿಮ್ಮ ಸುತ್ತ ಸೇರಿ, "ಮಗಳಿಗೆ ಆರಾಮಾತಲ್ಲ ಅಕ್ಕಾರ? ಈಗ ಎಷ್ಟನೇ ಕ್ಲಾಸು?" ಎಂದು ಕೇಳಿದರಂತೆ. "ನಾ ಏನ್ ಹೇಳ್ಲಿ ಸರ? ಒಬ್ಬಾಕಿಗೆ ಏಳನೇ ಕ್ಲಾಸು ಅಂದುಬಿಟ್ಟೆ" ಅಂದಿರಂತೆ.

ನಡೆದದ್ದು ಇಷ್ಟು. ನನ್ನ ಮಗ ಸಮಿತ್‌ಗೆ ಆಗ ಎರಡು ತಿಂಗಳು. ಮಲಗಿದರೆ ಮೂಗಿನ ಬಳಿ ಬೆರಳು ಹಿಡಿಯುತ್ತೇನೆ, ಎದ್ದರೆ ಹಣೆ ಮುಟ್ಟುತ್ತೇನೆ. ನಿದ್ದೆಯ ಲೆಕ್ಕ ಬಿಟ್ಟಿದ್ದೇನೆ. ಕರಡಚ್ಚು ಬಂದ ದಿನ ಅವನಿಗೆ ಜ್ವರ. ಲಸಿಕೆಯ ಜ್ವರ, ಹೆದರಬೇಡಿ ಎಂದಿದ್ದರು ಡಾಕ್ಟರು. ಅವನನ್ನು ತೊಡೆಯ ಮೇಲೆ ಹಾಕಿಕೊಂಡೇ ಓದಿದೆ. ನಿಮ್ಮ ಮಡಿಲಲ್ಲಿ ಜ್ವರದ ಕೂಸು, ಕಳವಾ ದಾಟಿ ಠಾಣೆಗೆ ಹೋಗುವ ಲೋಕಲ್ ಗಾಡಿ, ಸರಿದು ಜಾಗ ಕೊಟ್ಟ ಹೆಂಗಸರು. ಮುಂದಿನ ನಾಲ್ಕು ಸಾಲಿನಲ್ಲಿ ಕೂಸಿನ ಜೀವ ಹೋಗುತ್ತದೆ. ಅವುಗಳ ಮೇಲೆ ಕೆಂಪು ಗೆರೆ ಎಳೆದೆ. ಅಳು ಬರಲಿಲ್ಲ. ಏನೂ ಅನಿಸಲಿಲ್ಲ.

ಸಂಜೆಗೆ ಸಮಿತ್‌ನ ಜ್ವರ ಇಳಿಯಿತು. ಗೆರೆ ಎಳೆದದ್ದರಿಂದಲೇ ಇಳಿಯಿತೆಂದು ನಂಬಿದೆ. ಎಂ.ಎ. ಓದಿದವಳು ನಾನು.

ಆಗಸ್ಟ್ ಸಂಚಿಕೆಯಲ್ಲಿ ಇಡೀ ಕವಿತೆಯನ್ನು ಮತ್ತೆ ಹಾಕುವ ಎಂದಿದ್ದಾರೆ ಕಮಲಾಕ್ಷಣ್ಣ. ಕೆಳಗೆ ನನ್ನ ಹೆಸರು ಹಾಕಿಯೇ ತಪ್ಪೊಪ್ಪಿಕೊಳ್ಳುತ್ತೇನೆ. ಕ್ಷಮಿಸಿ ಎನ್ನಲು ಬಾಯಿ ಬರುತ್ತಿಲ್ಲ.

ನಿಮ್ಮ
ದಿಶಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನಿಮ್ಮ ಬಳಿ ಬೇರೆ ಪ್ರತಿ ಇಲ್ಲವೆಂದು ಬರೆದಿದ್ದಿರಿ. ಆ ಸಾಲುಗಳಿದ್ದ ನಿಮ್ಮ ಕೈಬರಹದ ಹಾಳೆ ನಮ್ಮ ಮನೆಯಲ್ಲಿ ಇರಬಾರದೆಂದು ಅವತ್ತೇ ಹರಿದು ಹಾಕಿದೆ. ಸಾಲುಗಳು ಮಾತ್ರ ಹೋಗಿಲ್ಲ, ಬಾಯಿಪಾಠವಾಗಿವೆ. ಪದ ತಪ್ಪಿದ್ದರೆ ತಿದ್ದಿ ಕಳಿಸಿ:

ಕಳವಾ ದಾಟುವಾಗ ಕೂಸಿನ ಮೈ ತಣ್ಣಗಾಯಿತು.
ಜ್ವರ ಬಿಟ್ಟಿತೆಂದು ಹೆಂಗಸರು ನಕ್ಕರು.
ನಾನೂ ನಕ್ಕೆ.
ಠಾಣೆಯಲ್ಲಿ ಇಳಿಯುವಾಗ ಮೊದಲು ನನಗೇ ದಾರಿ ಬಿಟ್ಟರು.