ಅವನನ್ನು ಕೇಳದೆ

ಮನೆ,
ಮಂಗಳವಾರ ಸಂಜೆ

ಪ್ರೀತಿಯ ಗಡಿಬಿಡಿ,

ಆಪರೇಷನ್ ಆದ ಕಡೆ ನೋವು ಇಳಿಯಿತೇ? ಜ್ವರ ಮತ್ತೆ ಬಂದಿಲ್ಲ ತಾನೆ? ಆಸ್ಪತ್ರೆ ಊಟಕ್ಕೆ ಮುಖ ಸಿಂಡರಿಸದೆ ತಿನ್ನು. ವಾರ್ಡಿನಲ್ಲಿ ಫೋನ್ ಬಿಡುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನಮ್ಮ ಮೂರು ತಿಂಗಳ ಯಜಮಾನರು ಚೆನ್ನಾಗಿದ್ದಾರೆ. ಬಾಟಲಿ ತಡವಾದರೆ ಇಡೀ ಬೀದಿಗೆ ಕೇಳುವಂತೆ ಅಧಿಕಾರ ಚಲಾಯಿಸುತ್ತಾರೆ.

ನನಗೇ ಕೂತಲ್ಲಿ ಕೂರಲಾಗುತ್ತಿಲ್ಲ. ಅಕ್ಕ ಬಂದಾಗಿನಿಂದ ಒಂದೇ ಪಟ್ಟು: ಮಗುವಿಗೆ ಸುನ್ನತಿ ಮಾಡಿಸಿಬಿಡು. "ಈಗಾದ್ರೆ ನೆನಪೂ ಉಳಿಯಲ್ಲ ಕಣೋ. ಅಪ್ಪ ನಿಂಗೆ ಮಾಡಿಸ್ಲಿಲ್ವಾ? ನೀನೇನು ಸೊರಗಿಹೋದ್ಯಾ?" ಎನ್ನುತ್ತಾಳೆ. ಸೊರಗಿಲ್ಲ, ಅದು ನಿನಗೂ ಗೊತ್ತು. (ನಗಬೇಡ, ಹೊಲಿಗೆ ಬಿಟ್ಟೀತು.) ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ ಎನ್ನುವುದು ಇಷ್ಟು ವರ್ಷ ತಲೆಗೇ ಬಂದಿರಲಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಈಗ ನಿದ್ದೆಗೆಟ್ಟು ಮಗುವಿಗೆ ಹಾಲು ಕುಡಿಸುವವಳೂ ಅವಳೇ. ಅವಳಿಗೆ ಎದುರಾಡಲು ನಾಲಿಗೆ ಏಳುವುದಿಲ್ಲ. "ಅವನ ಮೈ, ದೊಡ್ಡವನಾಗಿ ಅವನೇ ಹೇಳಲಿ" ಎಂಬ ನಿನ್ನ ಮಾತನ್ನು ಹೇಗೋ ಹೇಳಿದೆ. "ಹಾಗಾದ್ರೆ ಲಸಿಕೆನೂ ಅವನನ್ನ ಕೇಳೇ ಹಾಕಿಸ್ತೀರಾ?" ಎಂದಳು.

ಇವತ್ತು ಲಿಫ್ಟ್ ರಿಪೇರಿಗೆ ಹೋಗುವ ಮೊದಲು ಅವಳ ಜೊತೆ ಕ್ಲಿನಿಕ್ಕಿಗೆ ಹೋದೆ. ಬೈಯಬೇಡ, ಪೂರ್ತಿ ಓದು. ಡಾಕ್ಟರಮ್ಮ ಮಗುವನ್ನು ನೋಡಿ, "ಕಾಯಿಲೆ ಏನೂ ಇಲ್ಲ. ಲಸಿಕೆ ಕಾಯಲ್ಲ, ಇದು ಕಾಯುತ್ತೆ. ಮಾಡ್ಬೇಕಾ ಬೇಡ್ವಾ, ನೀವೇ ಹೇಳಿ" ಎಂದರು. ನಾನು ತುಟಿ ಬಿಚ್ಚಲಿಲ್ಲ. ಮೌನವೇ ಒಪ್ಪಿಗೆಯಾಯಿತು. ಕಾಲು ಅಲುಗದಂತೆ ಹೇಗೆ ಹಿಡಿಯಬೇಕೆಂದು ನರ್ಸ್ ತೋರಿಸಿದಳು. ಹಿಡಿದೆ. ಅವನು ಅದನ್ನು ಆಟವೆಂದುಕೊಂಡು ನನ್ನ ಮುಖ ನೋಡಿ ನಕ್ಕುಬಿಟ್ಟ ಕಣೇ. ನನ್ನ ಕೈ ತಾನಾಗಿ ಸಡಿಲವಾಯಿತು. "ಬೇಡ" ಎಂದೆ. ಅವನನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೊರಬಂದೆ. ಈಗ ಅಡುಗೆಮನೆಯಲ್ಲಿ ಅಕ್ಕನ ಬದಲು ಪಾತ್ರೆಗಳು ಮಾತಾಡುತ್ತಿವೆ.

ನಿನ್ನ ಆಸ್ಪತ್ರೆಯಿರುವ ಊರಿನ ಕಡೆ ಹೊರಟಿರುವ ಪಕ್ಕದ ಮನೆ ಡ್ರೈವರಣ್ಣ ಈ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾನೆ. ಬೇಗ ಗುಣವಾಗು. ಯಜಮಾನರ ಪರವಾಗಿ ಜೊಲ್ಲಿನ ಮುತ್ತು.

ನಿನ್ನ
ಲಿಫ್ಟಿನವನು

ತಾ.ಕ.: ನಾಳೆ ನಾನು ಕೆಲಸಕ್ಕೆ ಹೋದ ಮೇಲೆ ಮಗುವನ್ನು ಬೇರೆ ಡಾಕ್ಟರ ಬಳಿ ಕರೆದೊಯ್ಯುವುದಾಗಿ ಅಕ್ಕ ಫೋನಿನಲ್ಲಿ ಹೇಳುತ್ತಿದ್ದದ್ದು ಈಗಷ್ಟೇ ಕಿವಿಗೆ ಬಿತ್ತು. ನಾಳೆ ರಜೆ ಹಾಕುತ್ತೇನೆ. ಮೊದಲ ಬಸ್ಸಿಗೆ ಅವನನ್ನು ಕರೆದುಕೊಂಡು ನಿನ್ನಲ್ಲಿಗೇ ಬರುತ್ತೇನೆ. ಕದ್ದು ಹೊರಡುವುದಿಲ್ಲ, ಅಕ್ಕನ ಮುಖ ನೋಡಿ ಹೇಳಿಯೇ ಹೊರಡುತ್ತೇನೆ. ನಿನ್ನ ಮಂಚದ ಪಕ್ಕ ಅವನಿಗೊಂದಿಷ್ಟು ಜಾಗ ಕೇಳಿಡು.