ಹಳೆಯ ಪಾಸ್‌ವರ್ಡೇ ಇದೆ

ತಾರೀಖು ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳು ಮೆಣಸಿಗೆ,

ಅಪ್ಪನ ಆಶೀರ್ವಾದಗಳು. ಮೊನ್ನೆ ಒಂದು ಕೆಟ್ಟ ಕನಸು ಬಿತ್ತು. ತರಕಾರಿ ಚೀಲ ಹಿಡಿದು ನಮ್ಮದೇ ಬಾಗಿಲ ಮುಂದೆ ನಿಂತಿದ್ದೇನೆ. ಬಾಗಿಲಿಗೆ ಬೀಗವೂ ಇಲ್ಲ, ಚಿಲಕವೂ ಇಲ್ಲ. ಕಂಪ್ಯೂಟರಿನಲ್ಲಿ ಬರುತ್ತದಲ್ಲ, ಅಂಥ ಒಂದು ಖಾಲಿ ಚೌಕ ಮಾತ್ರ. ಏನು ಒತ್ತಿದರೂ ತಪ್ಪು, ತಪ್ಪು ಎನ್ನುತ್ತದೆ. ಒಳಗೆ ನೀನೂ ಅಮ್ಮನೂ ನಗುವುದು ಕೇಳಿಸುತ್ತಿದೆ. ಬೆವತು ಎದ್ದು ಕೂತೆ. ಆಗಿನಿಂದ ಒಂದೇ ಚಿಂತೆ. ನೀನು ಹುಷಾರಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಆಗುತ್ತಿದೆಯಾ? ನಿನ್ನ ರೂಮಿನ ಬಾಗಿಲಿಗೆ ಒಳಗಡೆಯಿಂದ ಅಗಳಿ ಇದೆಯಾ?

ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಗೆಳತಿಯನ್ನು ಕಾಡಿ ಬೇಡಿ ವಿಳಾಸ ತೆಗೆದುಕೊಂಡೆ, ಅವಳ ಮೇಲೆ ರೇಗಬೇಡ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು. ಬೀಗದ ಕೈಗೆ ಅರ ಉಜ್ಜಿದಷ್ಟು ಸಲೀಸಾಗಿ ಅಕ್ಷರ ಮೂಡುವುದಿಲ್ಲ. ತಪ್ಪಿದ್ದರೆ ನಕ್ಕುಬಿಡು.

ಇಷ್ಟು ದಿನ ಇಲ್ಲಿ ಇಂಟರ್‌ನೆಟ್ಟಿನದೇ ಗೋಳು. ಅಮ್ಮ ಔಷಧಿ ಅಂಗಡಿಗಳ ಆರ್ಡರ್ ಟೈಪ್ ಮಾಡಿ ಮುಗಿಸುವ ಹೊತ್ತಿಗೆ ಸರಿಯಾಗಿ ನೆಟ್ ಕೈಕೊಡುವುದು, ಮತ್ತೆ ಮೊದಲಿಂದ ಶುರು. ಸಿಟ್ಟೆಲ್ಲ ಪಾತ್ರೆಗಳ ಮೇಲೆ. ಕಂಪನಿಗೆ ಫೋನು ಮಾಡಿದರೆ ಒಂದೇ ಮಾತು: "ಆಫ್ ಮಾಡಿ ಆನ್ ಮಾಡಿ ನೋಡಿ ಸಾರ್." ಮಾಡಿ ಮಾಡಿ ಸ್ವಿಚ್ಚೇ ಸಡಿಲವಾಯಿತು. ಆ ನೆಟ್ ಡಬ್ಬಿಯ ದೀಪ ಹಸಿರಿದ್ದರೆ ಸರಿ, ಕೆಂಪಾಯಿತೋ, ನನ್ನ ಎದೆ ಢವಢವ. ಅಮ್ಮನ ಕೆಲಸ ಹೋಗಿಬಿಟ್ಟರೆ ಎಂದು ನನ್ನ ಕೀ ಅಂಗಡಿಯಲ್ಲಿ ಕೂತರೂ ಅದೇ ಯೋಚನೆ. ಗಿರಾಕಿಯೊಬ್ಬರ ಕೀ ಉಜ್ಜುತ್ತ ಉಜ್ಜುತ್ತ ಹಲ್ಲೇ ಉಳಿಯದ ಹಾಗೆ ಮಾಡಿಟ್ಟೆ.

ಕೊನೆಗೊಂದು ಗುರುವಾರ ಸಂಜೆ ರಿಪೇರಿಯವನು ಬಂದ. ಮಾತಿನ ಮಲ್ಲ. ಕಂಪ್ಯೂಟರಿನಲ್ಲಿ ಏನೇನೋ ತೆಗೆದು, "ಇದು ನಿಮ್ಮ ಕಂಪ್ಯೂಟರ್ರು, ಇದು ಪ್ರಿಂಟರ್ರು, ಇವೆರಡು ನಿಮ್ಮ ಫೋನು. ಇದ್ಯಾರದು ಯಜಮಾನ್ರೆ, ಇನ್ನೊಂದು ಫೋನು? ಈಗ್ಲೂ ನಿಮ್ಮ ನೆಟ್ಟಲ್ಲೇ ಇದೆ ನೋಡಿ" ಎಂದ.

"ಇನ್ಯಾರು, ಮೇಲ್ಗಡೆ ಮನೆಯೋರು! ಬಿಟ್ಟಿ ಸಿಕ್ರೆ ಬಿಡ್ತಾರಾ?" ಎಂದು ಅಮ್ಮ ಶುರುಮಾಡಿದಳು.

"ಪಾಸ್‌ವರ್ಡ್ ಬದಲಾಯಿಸಿದ್ರೆ ಆಯ್ತು, ತಾನಾಗೇ ಉದುರಿಹೋಗುತ್ತೆ."

"ಬದಲಾಯಿಸೇಬಿಡಪ್ಪ" ಎಂದೆ ನಾನು. ಒಂದು ಕೀ ಬೇರೆಯವರ ಕೈಸೇರಿದರೆ ಬೀಗವನ್ನೇ ಬದಲಾಯಿಸಿ ಎಂದು ದಿನಾ ಗಿರಾಕಿಗಳಿಗೆ ಹೇಳುವವನಲ್ಲವೇ? ಅದೇ ಬಾಯಲ್ಲಿ ಬಂದುಬಿಟ್ಟಿತು. ಆದರೆ ಬೀಗಕ್ಕೆ ಕೈಹಾಕುವ ಮೊದಲು, ಮನೆಯಲ್ಲಿ ಯಾರ್ಯಾರ ಹತ್ತಿರ ಕೀ ಇದೆ ಎಂದು ಕೇಳುವುದು ನನ್ನ ಅಭ್ಯಾಸ. ಅವತ್ತು ಅದನ್ನು ನನಗೆ ನಾನೇ ಕೇಳಿಕೊಳ್ಳಲಿಲ್ಲ.

ಆ ಫೋನು ಉದುರಿತು. ನೆಟ್ ಮಾತ್ರ ಸರಿಹೋಗಲಿಲ್ಲ, ಮರುದಿನ ಮತ್ತೆ ಅದೇ ಹಾಡು. ತಂತಿಯ ಜಾಡು ಹಿಡಿದು ನೆಲದ ಮೇಲೆ ತೆವಳಿಕೊಂಡು ಹೋದೆ, ಸೊಂಟ ಇನ್ನೂ ನೋಯುತ್ತಿದೆ. ತಂತಿ ಸಿಕ್ಕಿಕೊಂಡಿದ್ದು ಎಲ್ಲಿ ಗೊತ್ತೇ? ನಿನ್ನ ಮಂಚದ ಕಾಲಿನ ಕೆಳಗೆ. ನೀನು ಹೋದ ಮೇಲೆ ಅಮ್ಮ "ಖಾಲಿ ಮಂಚ ಕಣ್ಣಿಗೆ ಬೀಳೋದು ಬೇಡ" ಎಂದು ಅದನ್ನು ಮೂಲೆಗೆ ದೂಡಿಸಿದ್ದಳು. ದೂಡಿದವನೂ ನಾನೇ. ತಂತಿ ಜಜ್ಜಿಹೋಗಿತ್ತು. ಹೊಸದು ಹಾಕಿಸಿದೆವು, ಈಗ ಸರಿಯಾಗಿದೆ. ಯಾವ ಫೋನಿನ ತಪ್ಪೂ ಇರಲಿಲ್ಲ.

ನೀನು ಮನೆ ಬಿಡುವ ಮುನ್ನ, ಕೆಲಸ ಮುಗಿಸಿ ತಡವಾಗಿ ಬಂದ ಆ ದಿನ ಅಮ್ಮ, "ಇದು ಮನೆಯೋ ಲಾಡ್ಜೋ? ಹೊತ್ತಿಗೆ ಸರಿಯಾಗಿ ಬರೋಕಾಗದೇ ಇದ್ರೆ ಬರಲೇಬೇಡ" ಎಂದಿದ್ದು ನನ್ನ ಕಿವಿಯಲ್ಲೂ ಹಾಗೇ ಇದೆ. ನಿಮ್ಮಿಬ್ಬರಿಗೂ ಒಂದೇ ಮೂಗು, ಕೋಪವೂ ಅದರ ತುದಿಯಲ್ಲೇ. ನಡುವೆ ನಿಂತು ನಿಂತು ನನಗೆ ಸುಸ್ತಾಗಿದೆ ಕಂದ.

ಮೈ ಕಡೆ ನಿಗಾ ಇರಲಿ. ಎಲ್ಲಿದ್ದರೂ ನಿನ್ನ ನಿದ್ದೆಗೆ ಭಂಗ ಬಾರದಿರಲಿ ಎಂದು ಹರಸುವ,

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನಿನ್ನೆ ನಮ್ಮ ಮೆಟ್ಟಿಲ ಕೆಳಗಿನ ಕ್ಷೌರದಂಗಡಿಯಲ್ಲಿ ಕೂತಿದ್ದೆ. ಅಂಗಡಿಯವರು ಕತ್ತರಿ ನಿಲ್ಲಿಸಿ, "ಯಾಕಣ್ಣ, ಮಗಳು ಈಚೆಗೆ ಬರ್ತಾನೇ ಇಲ್ಲ? ಗುರುವಾರ ಬಂತು ಅಂದ್ರೆ ಸಂಜೆ ನನ್ನ ಬೆಂಚಲ್ಲಿ ಕೂತು ನಿಮ್ಮ ಕಿಟಕಿ ನೋಡೋಳು. ಮೇಲೆ ಹೋಗಮ್ಮ ಅಂದ್ರೆ, ಅಮ್ಮನ ಕೆಲಸ ಮುಗೀಲಿ ಅನ್ನೋಳು, ಆಮೇಲೆ ಹಾಗೇ ಎದ್ದು ಹೋಗೋಳು" ಎಂದರು. ಕೊನೆಗೆ ಬಂದಿದ್ದು ಯಾವಾಗ ಎಂದೆ. "ನೆಟ್ಟಿನವನು ಬಂದಿದ್ನಲ್ಲ, ಅವತ್ತೇ. ಕೈಲಿದ್ದ ಫೋನ್ ನೋಡ್ತಾ ನೋಡ್ತಾ ಮುಖ ಸಪ್ಪಗಾಯ್ತು. ಏನಮ್ಮ ಅಂದೆ. ಮನೆ ನೆಟ್ ಕಡಿದೋಯ್ತು, ಪಾಸ್‌ವರ್ಡ್ ಬದಲಾಯಿಸ್ಬಿಟ್ಟಿದಾರೆ ಅಂದ್ಲು. ಅಷ್ಟೇ, ಹೋದೋಳು ಮತ್ತೆ ಬಂದಿಲ್ಲ."

ಅರ್ಧ ಕ್ಷೌರ ಆದ ತಲೆಯಲ್ಲೇ ಮೆಟ್ಟಿಲು ಹತ್ತಿ ಓಡಿದೆ. ನಮಗೆ ಗೊತ್ತಿರಲಿಲ್ಲ ಕಂದ, ಆ ಇನ್ನೊಂದು ಫೋನು ನಿನ್ನದು ಎಂದು ಗೊತ್ತಿರಲಿಲ್ಲ. ರಿಪೇರಿಯವನಿಗೆ ಫೋನು ಮಾಡಿ ಹಳೆಯ ಪಾಸ್‌ವರ್ಡನ್ನೇ ಹಾಕಿಸಿದೆ. "ಕಳ್ಳನ್ನ ಕರೆದು ಕೀ ಕೊಟ್ಟಂಗಾಯ್ತಲ್ಲ ಯಜಮಾನ್ರೆ!" ಎಂದು ನಕ್ಕ, ನಗಲಿ. ಅಮ್ಮನಿಗೆ ಹೇಳಿದೆ. ಮೇಜಿನ ಮೇಲಿನ ಕಾಗದಗಳನ್ನೆಲ್ಲ ಜೋಡಿಸಿಟ್ಟಳು. ಆಮೇಲೆ, "ಈ ಮೇಜನ್ನ ಕಿಟಕಿ ಹತ್ರ ಎಳೀರಿ, ಇಲ್ಲಿ ಬೆಳಕು ಸಾಲಲ್ಲ" ಎಂದಳು. ತಂತಿ ಎಟುಕುವುದಿಲ್ಲ ಎಂದರೆ, "ಉದ್ದದ್ದು ತನ್ನಿ" ಎಂದಳು. ಈಗ ಟೈಪ್ ಮಾಡುತ್ತ ಮಾಡುತ್ತ ಕೆಳಗೆ ಬೆಂಚಿನ ಕಡೆಗೇ ನೋಡುತ್ತಾಳೆ.

ನಿನ್ನ ಫೋನಿನಿಂದ ನಮ್ಮ ಮನೆಯ ನೆಟ್ ಹೆಸರನ್ನು ಅಳಿಸಿಹಾಕಿಲ್ಲ ತಾನೆ? ಬೆಂಚಿನ ಹತ್ತಿರ ಸಿಗ್ನಲ್ ಕಡಿಮೆಯಂತೆ. ಮೇಲೆ ಬಾಗಿಲವರೆಗೆ ಬಂದು ನಿಂತು, ಕೂಡುತ್ತದೋ ಇಲ್ಲವೋ, ಇನ್ನೊಂದು ಸಲ ನೋಡು.