ತೊಗಲಿನ ಸೀಟಿನ ಸಮಾಚಾರ

ದೇವಿಕೊಪ್ಪ
21 ನವೆಂಬರ್ 2025, ಶುಕ್ರವಾರ

ಪ್ರೀತಿಯ ನೇತ್ರಾ,

ಕ್ಷೇಮಸಮಾಚಾರಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ. ಎದ್ದು ನಿಂತು, ಕೈಕಟ್ಟಿಕೊಂಡು ಬರೆಯುತ್ತಿದ್ದೇನೆ ಎಂದೇ ತಿಳಿ. ಕಲಘಟಗಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನೆಂಬ ಹೆಸರಿನಲ್ಲಿ ವರ್ಷಾನುಗಟ್ಟಲೆ ಊಟವಿಲ್ಲದ ಅತಿಥಿಯಾಗಿರುವ ನಿನ್ನ ಗಂಡ ಸಂಗನಬಸವನಾದ ನಾನು, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿ ಒಪ್ಪಿಕೊಳ್ಳುವುದೇನೆಂದರೆ: ನೀನಿಲ್ಲದ ಹೊತ್ತು ನೋಡಿ ನಿನ್ನ ಹೊಲಿಗೆ ಮಷೀನಿಗೆ ಕೈ ಹಚ್ಚಿದ್ದೇನೆ. ಅದರ ಖಾನೆಯಲ್ಲಿದ್ದ ಸೂಜಿಗಳೆಲ್ಲ ಒಂದರ ಹಿಂದೊಂದು ವೀರಮರಣ ಹೊಂದಿದವು. ಕೊನೆಯದರ ತುದಿ ಹಾರಿ ಅವ್ವನ ಅಕ್ಕಿಯ ಮೊರದಲ್ಲಿ ಬಿತ್ತು. ಅದು ಸಿಗುವವರೆಗೆ ನಮ್ಮ ಮನೆಯಲ್ಲಿ ಅನ್ನವಿಲ್ಲ, ಬರೀ ರೊಟ್ಟಿ. ಜಂಪರು ಹೊಲಿಯುವ ಮಷೀನಿನಲ್ಲಿ, ನಮ್ಮ ದಾನಮ್ಮನಿಗೆ ಒಂದನೆಯ ಇಯತ್ತೆಯ ಸಮವಸ್ತ್ರ ಹೊಲಿದ ಅದೇ ಮಷೀನಿನಲ್ಲಿ, ಎತ್ತಿನ ತೊಗಲು ಹೊಲಿಯಲು ಹೋದವನಿಗೆ ಯಾವ ಶಿಕ್ಷೆಯೋ ನೀನೇ ವಿಧಿಸು. ಹೊಸ ಸೂಜಿ ತಂದು ಹಾಕಿದ್ದೇನೆ. ಎಣ್ಣೆ ಬಿಟ್ಟಿದ್ದೇನೆ. ತಿರುಗುತ್ತದೆ.

ಈಗ ಹೇಳು, ಹೇಗಿದ್ದೀ? ಊಟ ಸೇರುತ್ತದೆಯೇ? ನಿದ್ದೆ ಹತ್ತುತ್ತದೆಯೇ? ಅತ್ತೆಯವರ ಮೊಣಕಾಲು ನವಲಗುಂದದ ಚಳಿಗೆ ಹೇಗಿದೆ? ಎರೆಹೊಲದ ಮೇಲಿಂದ ಬರುವ ಗಾಳಿ ಈ ದಿನಗಳಲ್ಲಿ ಮೂಳೆಯನ್ನೇ ಮಾತಾಡಿಸುತ್ತದೆ, ಅವರಿಗೆ ಉಣ್ಣೆಯ ಶಾಲು ಹೊದಿಸು. ಇಷ್ಟಕ್ಕೂ ನೀನು ಉತ್ತರ ಬರೆಯಬೇಕಾಗಿಲ್ಲ. ಹೋಗುವ ದಿನ ಬಸ್ಸಿನ ಕಿಟಕಿಯಲ್ಲಿ ನೀನು ಹೇಳಿದ್ದು ನೆನಪಿದೆ: "ನಿಮ್ಮ ದನಿ ಕೇಳಿದ್ರ ಹೂಂ ಅನ್ನಬೇಕನಸ್ತದರಿ ನನಗ. ಇನ್ನ ಆಗೂದಿಲ್ಲ. ಬೇಕಾದ್ರ ಬರೀರಿ." ಅದಕ್ಕೇ ಫೋನು ಮಾಡಿಲ್ಲ. ಕಾಗದಕ್ಕೆ ಯಾರೂ ಹೂಂ ಅನ್ನಬೇಕಾಗಿಲ್ಲ, ಅದೊಂದೇ ಅದರ ಸುಖ. ಅವ್ವ ಆರಾಮ ಇದ್ದಾಳೆ. ಆರಾಮ ಎಂದರೆ, ದಿನಕ್ಕೊಮ್ಮೆ ಹೊಲದ ಬದುವಿಗೆ ಹೋಗಿ ದಾನಮ್ಮನನ್ನು ಮಣ್ಣು ಮಾಡಿದ ಗದ್ದುಗೆಯ ಮೇಲಿನ ಕಸ ಕಿತ್ತು ಬರುತ್ತಾಳೆ.

ಪೀಠಿಕೆ ಮುಗಿಯಿತು, ಪೀಠಕ್ಕೆ ಬರುತ್ತೇನೆ. ಜುಲೈ ತಿಂಗಳಲ್ಲಿ ಹುಬ್ಬಳ್ಳಿಯ ದವಾಖಾನೆಯಿಂದ ಯಾರೋ ಪುಣ್ಯಾತ್ಮರು ನಮ್ಮ ಮೋಟಾರ್‌ಸೈಕಲ್ ಗಾಡಿಯನ್ನು ಹೊಡೆದುಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ ಹೋದದ್ದು, ಅಲ್ಲೇ ನಿಂತುಬಿಟ್ಟಿತು. ನಾನು ಬಸ್ಸಿಗೆ ಹೋಗತೊಡಗಿದೆ. ಮಳೆಗಾಲ ಪೂರ್ತಿ ಅದು ನೆನೆಯಿತು, ನಾನು ನೋಡುತ್ತ ಕೂತೆ. ರೆಗ್ಝಿನ್ ಸೀಳಿತು, ಒಳಗಿನ ಸ್ಪಂಜಿನಲ್ಲಿ ಇರುವೆಗಳು ಸಂಸಾರ ಹೂಡಿದವು, ಅಡಿಯ ತಗಡು ತುಕ್ಕು ಹಿಡಿದು ಹಪ್ಪಳದಂತೆ ಮುರಿಯಿತು. "ಗುಜರಿಗೆ ಹಾಕಲೇ, ಅದನ್ನ ಕಣ್ಣೆದುರ ಇಡಬ್ಯಾಡ" ಎಂದಳು ಅವ್ವ. ನನಗೂ ಅದೇ ಸರಿ ಎನಿಸಿತ್ತು. ಆದರೆ ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ, ಏನೂ ಮಾಡಲಾಗದೆ, ಹೋಗಿ ಆ ಸೀಟನ್ನು ಕಿತ್ತೆ. ಕೈಗೆ ಬಂದದ್ದು ಒದ್ದೆ ಮುದ್ದೆ. ಯಾರು ಎಲ್ಲಿ ಕೂಡುತ್ತಿದ್ದರು ಎಂಬ ಗುರುತೇ ಅದರಲ್ಲಿ ಉಳಿದಿರಲಿಲ್ಲ.

ಕಲಘಟಗಿ ಬಸ್‌ಸ್ಟ್ಯಾಂಡಿನ ಬಾಜೂಕ ಕಾಲ್ಮರಿ ಮಾಡುವ ಉಡಚಪ್ಪನನ್ನು ನೀನು ಬಲ್ಲೆ, ನಿನ್ನ ಚಪ್ಪಲಿಯ ಉಂಗುಟ ಸರಿಮಾಡುತ್ತೇನೆಂದು ಒಂದು ತಿಂಗಳು ಅಲೆದಾಡಿಸಿದವನು. ಅವನ ಮುಂದೆ ಹೋಗಿ ಗಾಡಿಗೆ ತೊಗಲಿನ ಸೀಟು ಮಾಡಿಕೊಡು ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾವು ಕಾಲಿಗೆ ಮಾಡಾವ್ರರಿ ಸರ, ಕುಂಡಿಗಲ್ಲ" ಎಂದ. ಸುತ್ತ ನಿಂತವರೆಲ್ಲ ನಕ್ಕರು. ಬಹಳ ದಿನಗಳ ಮೇಲೆ ನಾನೂ ನಕ್ಕೆ, ನಕ್ಕದ್ದು ತಿಳಿದು ಬಾಯಿ ಮುಚ್ಚಿಕೊಂಡೆ. "ಸುಮ್ನ ರೆಗ್ಝಿನ್ ಹಾಕಸ್ರಿ, ಅರ್ಧಾ ತಾಸಿನ ಕೆಲಸ" ಎಂದು ಎದುರಿನ ಅಂಗಡಿ ತೋರಿಸಿದ. ಅರ್ಧ ತಾಸು ಎಂಬುದೇ ನನ್ನ ತಕರಾರು, ನೇತ್ರಾ. ಅರ್ಧ ತಾಸಿನಲ್ಲಿ ಮುಗಿದರೆ ಉಳಿದ ಸಂಜೆಗಳನ್ನು ಏನು ಮಾಡಲಿ? ಕೊನೆಗೆ ಹದಮಾಡಿದ ಒಂದು ಎತ್ತಿನ ತೊಗಲನ್ನೂ, ತೂತು ಕೊರೆಯುವ ಮೊಂಡು ಆರಿಯನ್ನೂ ನನ್ನ ತಲೆಗೆ ಕಟ್ಟಿ ಕಳಿಸಿದ. ಉಪದೇಶ ಮಾತ್ರ ಪುಕ್ಕಟೆ. ಅದರಲ್ಲಿ ಅರ್ಧಕ್ಕರ್ಧ ತಪ್ಪು. ನೆನೆಸಿದ ತೊಗಲನ್ನು ಬಿಸಿಲಿಗೆ ಹಾಕಿರಿ ಎಂದ, ಹಾಕಿದೆ. ಅದು ಮುದುಡಿ ಮೊರದಂತಾಯಿತು. ಮರುದಿನ ಕೇಳಿದರೆ, "ಬಿಸಲಾಗ ಅಂತ ಯಾಂವ ಅಂದಾನ್ರಿ? ನೆರಳಾಗ!" ಎಂದು ನನ್ನನ್ನೇ ಬೈದ.

ತೊಗಲು ಮನೆಗೆ ಬಂದ ದಿನ ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಅದು ಅಂಗಳದ ಕಟ್ಟೆ ದಾಟಕೂಡದು, ಮುಟ್ಟಿದವನು ಮಿಂದೇ ಒಳಗೆ ಬರಬೇಕು ಎಂದು ಕಾನೂನಾಯಿತು. ಅವಳಿಗೆ ಗೊತ್ತಿರುವುದು ಜಗದ್ಗುರುಗಳ ಐದೇ ಪೀಠ. ಆರನೆಯದನ್ನು ಮಗ ಕಟ್ಟೆಯ ಮೇಲೆ ಸ್ಥಾಪಿಸುವುದನ್ನು ಹೇಗೆ ಸಹಿಸಿಯಾಳು? ಕರ್ಮಯೋಗಿಯಾಗಬೇಕಾದ ನಾನು ಚರ್ಮಯೋಗಿಯಾದೆ, ದಿನಕ್ಕೆರಡು ಸ್ನಾನ ಲಾಭ. ಒಂದು ಸಂಜೆ ತಡೆಯಲಾರದೆ ಕೇಳಿದಳು: "ಲೇ ಸಂಗ್ಯಾ, ಲಿಂಗ ಕಟ್ಟಿದ ಎದಿಗೆ ತೊಗಲು ಒತ್ತಿ ಹಿಡಕೊಂಡು ಎಳೀತಿಯಲ್ಲೋ, ಶಿವಾ ಮೆಚ್ಚತಾನೇನ?" ನನ್ನ ನಾಲಗೆ ನಿನಗೆ ಗೊತ್ತಲ್ಲ, "ಶಿವನೇ ಹುಲಿ ತೊಗಲ ಮ್ಯಾಲ ಕುಂತಾನ ಬೇ ಅವ್ವಾ" ಎಂದೆ. ಅವ್ವ ತಟ್ಟನೆ, "ಅಂವಗ ಸುಡಗಾಡ ಕಾಯೂದೈತಿ, ಕುಂತಾನ. ನಿನಗೇನ ಬಂದೈತಿ?" ಎಂದಳು. ಅಂದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಇಬ್ಬರೂ ಹೊಲದ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಟ್ಟೆಯ ಹತ್ತಿರ ಬಂದು, ನಾನು ದಾರ ಎಳೆಯುವಾಗ ಜಾರುತ್ತಿದ್ದ ತೊಗಲಿನ ಇನ್ನೊಂದು ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕೂತಳು. ಅಂದಿನಿಂದ ಅವಳಿಗೂ ದಿನಕ್ಕೆರಡು ಸ್ನಾನ.

ಕೈಹೊಲಿಗೆ ನಿಧಾನದ ಕೆಲಸ. ಮೊದಲು ಆರಿಯಿಂದ ತೂತು, ಆಮೇಲೆ ಮೇಣ ಸವರಿದ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಎರಡೂ ಒಂದೇ ತೂತಿನಲ್ಲಿ ಎದುರುಬದುರು ಹಾಯಬೇಕು. ಇದಕ್ಕೊಂದು ಉಪಮೆ ಕೊಡುವ ಚಪಲ ಬಂತು, ಅದುಮಿಟ್ಟೆ. ಬೆರಳು ಕುಯ್ದುಕೊಂಡಾಗಲೆಲ್ಲ ನೀನು ಬೆರಳತುದಿಗೆ ತೊಡುವ ಅಂಗುಸ್ತಾನ ನೆನಪಾಗುತ್ತಿತ್ತು. ಕಣ್ಣು ತೂತಿನ ಮೇಲಿದ್ದರೆ ತಲೆ ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಿದ್ದೆ. ಹೋಗುತ್ತದೆ. ಅದೇ ರಸ್ತೆಗೇ ಹೋಗುತ್ತದೆ. ಕಲಘಟಗಿಯ ಡಾಕ್ಟರು "ಈಗಿಂದೀಗ ಹುಬ್ಬಳ್ಳಿಗೆ ಒಯ್ಯಿರಿ" ಅಂದದ್ದು, ನಮ್ಮಿಬ್ಬರ ನಡುವೆ ಕೌದಿ ಸುತ್ತಿಕೊಂಡು ದಾನಮ್ಮ, ಅವಳನ್ನು ಹಿಡಿದ ನಿನ್ನ ಕೈ ನನ್ನ ಹೊಟ್ಟೆಯ ಮೇಲೆ, ಮಳೆ. ನಿದ್ದೆ ಹೋಗಗೊಡಬೇಡಿರಿ ಎಂದು ಡಾಕ್ಟರು ಹೇಳಿದ್ದರಲ್ಲ, ನಾನು ಒಗಟು ಹಾಕುತ್ತ ಹೊರಟೆ. "ಕೈ ಇಲ್ಲ, ಕಾಲ ಇಲ್ಲ, ನಮ್ಮ ಮುಂದಮುಂದ ಹುಬ್ಬಳ್ಳಿಗೆ ಹೊಂಟದ, ಏನ ಹೇಳು ದಾನಿ?" ಹಿಂದಿನಿಂದ ಹೂಂ ಬರುತ್ತಿತ್ತು. ಹೂಂ ಬಂದಾಗಲೆಲ್ಲ ಹುರುಪಿನಿಂದ ಇನ್ನೊಂದು. ದೇವರೇ, ಎಷ್ಟು ಹಾಕಿದೆ ನಾನು ಆ ದಿನ! ದವಾಖಾನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಒಳಗೆ ಓಡಲು ಹೋದವನಿಗೆ ನೀನು ಮೆತ್ತಗೆ, "ಅವಸರ ಇಲ್ರಿ ಇನ್ನ" ಎಂದೆ. "ದಾರ್ಯಾಗ ಹೇಳಿದ್ರ ನೀವು ಗಾಡಿ ಕೆಡವತಿದ್ರಿ" ಎಂದೂ ಅಂದೆ ನೀನು. ಯಾವ ತಿರುವಿನಿಂದ ಆ ಹೂಂ ನಿನ್ನದಾಯಿತೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅಷ್ಟು ದೂರ ಅವಳನ್ನು ಹಿಡಿದುಕೊಂಡು, ನನ್ನ ಚೇಷ್ಟೆಗಳಿಗೆ ಅವಳ ಪರವಾಗಿ ಹೂಂಗುಟ್ಟುತ್ತ ಕೂತವಳು ನೀನು. ನನ್ನ ದನಿ ಕೇಳಲಾರೆ ಎಂದರೆ ನಾನು ಯಾವ ಬಾಯಿಂದ ಬೇಡ ಎನ್ನಲಿ?

ಹೋದ ವಾರ ನಿನ್ನ ತಮ್ಮ ಬಸವಣ್ಣೆಪ್ಪ ಬಂದಿದ್ದ. ಚಹಾ ಕುಡಿದು, ಲೋಟದಲ್ಲೇ ಮುಖ ಇಟ್ಟುಕೊಂಡು, "ಮಾಮಾರ, ಒಂದನೇ ತಾರೀಖ ಸೋಮವಾರ ಟೆಂಪೋ ತರ್ತೀನ್ರಿ, ಮಷೀನ್ ಒಯ್ಯಾಕ. ಅಕ್ಕ ಅಲ್ಲೇ ಹೊಲೀತೀನಿ ಅಂತಾಳ" ಎಂದ. ಆಗಲಪಾ ಎಂದೆ. ಹೊಲಿಗೆ ಮಷೀನು ಯಾವ ಊರಿಗೆ ಹೋಗುತ್ತದೋ ಹೊಲಿಯುವವಳ ಸಂಸಾರವೂ ಅದೇ ಊರಿಗೆ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಅಡ್ಡ ಬರುವುದಿಲ್ಲ. ಅದು ನಿನ್ನದು. ಗೋಣಿತಟ್ಟು ಸುತ್ತಿ, ಹಗ್ಗ ಬಿಗಿದು ಸಿದ್ಧ ಇಡುತ್ತೇನೆ.

ಆದರೆ ಮಷೀನು ಹೋಗುವ ಮುನ್ನ ನನ್ನ ಪ್ರತಾಪವನ್ನೂ ಕೇಳಿಬಿಡು. ಸೀಟು ಮುಗಿಯಿತು! ಹುರಿದ ಕಡಲೆಯ ಬಣ್ಣ, ಅಂಚಿಗೆ ಎರಡೆಳೆ ಹೊಲಿಗೆ, ಮೊಳೆ ಒಂದೂ ಹೊರಗೆ ಕಾಣುವುದಿಲ್ಲ. ಕಟ್ಟೆಗೆ ಬಂದವರೆಲ್ಲ ಕೂತು ನೋಡಿದರು. ಹೊಳಬಸಪ್ಪ ಕಾಕಾ ಕೂತವನು ಏಳಲೊಲ್ಲ: "ಪಂಚಾಯ್ತಿ ಚೇರಮನ್ನಗೂ ಇಂಥಾದ್ದಿಲ್ಲಲೇ!" ಸೀಟು ಸಿಕ್ಕವನು ಏಳುವುದಿಲ್ಲ ಎಂಬುದು ಬರೇ ರಾಜಕೀಯದ ಮಾತಲ್ಲ ಎಂದು ಅವತ್ತು ತಿಳಿಯಿತು. ಉಡಚಪ್ಪನಂತೂ ತಾನೇ ಕಲಿಸಿದ್ದೆಂದು ಬಸ್‌ಸ್ಟ್ಯಾಂಡಿನಲ್ಲಿ ಸಾರಿದ್ದಾನೆ. ಇಂಥ ಸೀಟು ಈ ತಾಲೂಕಿನಲ್ಲಿ ಇನ್ನೊಂದಿಲ್ಲ. ತಗಡಿನ ಬದಲು ಅಡಿಗೆ ಪ್ಲೈವುಡ್ ಹಲಗೆಯನ್ನು ನಾನೇ ಕೊಯ್ದು ಕೂಡಿಸಿದೆ. ಟೇಪು ಮುಟ್ಟಿಲ್ಲ, ಬರೀ ಕೈಅಳತೆ, ಕಣ್ಣಳತೆ. ಕೂದಲೆಳೆಯೂ ತಪ್ಪಿಲ್ಲ. ಹೊಲಿಗೆಯವಳ ಗಂಡ ಎನಿಸಿಕೊಳ್ಳಲು ಇಷ್ಟು ಸಾಲದೇ?

ಅತ್ತೆಯವರಿಗೆ ನನ್ನ ಶರಣು. ಬಸವಣ್ಣೆಪ್ಪನಿಗೆ ಆಶೀರ್ವಾದ, ಅವತ್ತು ಊಟ ಮಾಡದೆ ಹೋದದ್ದಕ್ಕೆ ಅವ್ವನ ಬೈಗುಳ. ಅವ್ವ ನಿನಗೆ ಹೇಳಲು ಹೇಳಿದ್ದು ಒಂದೇ ಮಾತು: ತಲೆಗೆ ಎಣ್ಣೆ ಹಚ್ಚಿಕೋಬೇಕಂತೆ. ಚೆನ್ನಾಗಿರು. ಉಂಡು, ಮಲಗು.

ನಿನ್ನವನೇ,
ಸಂಗನಬಸವ

ತಾ.ಕ.: ಅಂಚೆಯವನು ಸೈಕಲ್ಲು ಹಿಡಿದು ನಿಂತಿದ್ದಾನೆ, ಅವಸರದಲ್ಲಿ ಗೀಚುತ್ತಿದ್ದೇನೆ. ಮೇಲೆ ಅಳತೆಯ ಬಗ್ಗೆ ಬರೆದದ್ದು ಸುಳ್ಳು. ಸೀಟು ಗಾಡಿಗೆ ಕೂಡುವುದಿಲ್ಲ. ಇಷ್ಟು ದಿನ ಕಟ್ಟೆಯ ಮೇಲಿತ್ತು, ಹೊಗಳಿದವರೂ ಕಟ್ಟೆಯ ಮೇಲೇ ಹೊಗಳಿದರು. ನಿನ್ನೆ ಮೊದಲ ಸಲ ಗಾಡಿಯ ಮೇಲಿಟ್ಟೆ. ಹಿಂದಿನ ದೀಪ ದಾಟಿ ಒಂದು ಗೇಣು ಹೊರಗೆ ಚಾಚಿ ನಿಂತಿತು. ಹಲಗೆ ಕೊಯ್ಯುವ ಮೊದಲು ಅದರ ಮೇಲೆ ಕೂತು ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ, ಇಲ್ಲಿ ನಾನು, ಇಲ್ಲಿ ನೇತ್ರಾ ಎಂದು. ನಡುವೆ ಜಾಗ ಬಿಟ್ಟದ್ದು ನನಗೆ ತಿಳಿಯಲೇ ಇಲ್ಲ. "ಅಪ್ಪಾ, ಮುಂದ ಸರೀ, ಒತ್ತತೈತಿ" ಎಂದು ಬೆನ್ನಿಗೆ ಗುದ್ದುತ್ತಿದ್ದಳಲ್ಲ, ಆಕೆಗೆ ಒತ್ತದ ಹಾಗೆ ಬಿಟ್ಟಿದ್ದೇನೆ. "ತರ್ರಿ ಸರ, ಕಡದ ಕೊಡ್ತೀನಿ" ಎಂದ ಉಡಚಪ್ಪ. ಕೊಡಲಿಲ್ಲ. ನಾನೇ ಎರಡು ಸಲ ಕತ್ತಿ ಹಿಡಿದು ಕೂತೆ. ಒಂದನೇ ತಾರೀಖಿಗೆ ಟೆಂಪೋ ಬರುವಾಗ ನೀನೂ ಬಾ. ಎಲ್ಲಿ ಕಡಿಯಬೇಕೋ ಬೆರಳಿಟ್ಟು ತೋರಿಸು, ಇಲ್ಲ ಕಡಿಯುವುದು ಬೇಡವೆನ್ನು. ನನ್ನ ಕೈಯಿಂದ ಆ ಒಂದು ಗೇಣು ಕಡಿಯುವುದು ಆಗುವುದಿಲ್ಲ.